ಸೋತ ಸಿದ್ಧಾಂತಕ್ಕೆ ಸಂಸತ್ತಿನಲ್ಲೊಂದು ಕುರ್ಚಿ

ರೋಮ್ ನಗರದ ಪಿಯಾತ್ಸಾ ದೆಲ್ ಪೊಪೊಲೊ. ನಟ್ಟನಡುವೆ ಈಜಿಪ್ಟಿನಿಂದ ತಂದು ನಿಲ್ಲಿಸಿದ ಎತ್ತರದ ಕಲ್ಲುಕಂಬ, ಒಂದು ಬದಿಗೆ ಅವಳಿ ಚರ್ಚುಗಳು. 1970ರ ದಶಕದ ಆರಂಭದಲ್ಲಿ ಚುನಾವಣೆ ಬಂತೆಂದರೆ ಈ ಚೌಕದಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಹಸಿರು, ಬಿಳಿ, ಕೆಂಪು ಬಣ್ಣದ ಬೆಂಕಿಯ ಜ್ವಾಲೆಯನ್ನು ಚಿತ್ರಿಸಿದ ಬಾವುಟಗಳು. ನಿವೃತ್ತ ಸೇನಾಧಿಕಾರಿಗಳು, ಅಂಗಡಿ ಇಟ್ಟುಕೊಂಡವರು, ಸರ್ಕಾರಿ ಗುಮಾಸ್ತರು, ಕೆಲಸವಿಲ್ಲದ ಹುಡುಗರು. ವೇದಿಕೆಯ ಮೇಲೆ ಡಬಲ್ ಬ್ರೆಸ್ಟ್ ಕೋಟು ತೊಟ್ಟ, ತೆಳು ಮೀಸೆಯ, ನೀಲಿ ಕಣ್ಣಿನ ಒಬ್ಬ ಮನುಷ್ಯ. ದನಿ ಏರಿಸಬೇಕಾದಲ್ಲಿ ಏರಿಸಿ, ತಗ್ಗಿಸಬೇಕಾದಲ್ಲಿ ತಗ್ಗಿಸಿ ಆತ ನಿರರ್ಗಳವಾಗಿ ಮಾತನಾಡುತ್ತಿದ್ದ. ಕೇಳುತ್ತಿದ್ದವರ ನಡುವೆ ಅಲ್ಲಲ್ಲಿ ಬಲಗೈಗಳು ನೆಟ್ಟಗೆ ಮೇಲೇಳುತ್ತಿದ್ದವು. ಅದು ಮುಸೊಲಿನಿಯ ಕಾಲದ ಸೆಲ್ಯೂಟ್.

ಆ ಭಾಷಣಕಾರ ಜಾರ್ಜೊ ಅಲ್ಮಿರಾಂತೆ. ನಮ್ಮಲ್ಲಿ ಆ ಹೆಸರು ಕೇಳಿದವರು ಕಡಿಮೆ. 2022ರ ಅಕ್ಟೋಬರಿನಲ್ಲಿ ಜಾರ್ಜಾ ಮೆಲೋನಿ ಇಟಲಿಯ ಪ್ರಧಾನಿಯಾದಾಗ, ಅವರ ಪಕ್ಷದ ಬೇರು ಫ್ಯಾಸಿಸಂನಲ್ಲಿದೆ ಎಂದು ನಮ್ಮ ಪತ್ರಿಕೆಗಳೂ ಬರೆದವು. ಆದರೆ 1945ರಲ್ಲಿ ಮುಸೊಲಿನಿಯನ್ನು ಕೊಂದು, ಶವವನ್ನು ಮಿಲಾನಿನ ಚೌಕದಲ್ಲಿ ತಲೆಕೆಳಗಾಗಿ ನೇತುಹಾಕಿದ ಮೇಲೂ ಆ ಬೇರು ಒಣಗದೆ ಉಳಿದದ್ದು ಹೇಗೆ? ಉತ್ತರದ ಬಹುಪಾಲು ಈ ಒಬ್ಬ ಮನುಷ್ಯನ ಬದುಕಿನಲ್ಲಿದೆ. ಹಿಂದೆ ಮಾಡಿದ್ದಕ್ಕೆ ಪೂರ್ತಿ ಲೆಕ್ಕ ಕೊಡದೆ, ನಂಬಿದ್ದನ್ನು ಬಿಡದೆ, ಒಳ್ಳೆಯ ಮಾತು ಮತ್ತು ಒಳ್ಳೆಯ ನಡವಳಿಕೆಯ ಬಲದಿಂದ ಆತ 40 ವರ್ಷ ಸಂಸತ್ತಿನಲ್ಲಿ ಕುಳಿತ. ಪ್ರಜಾಪ್ರಭುತ್ವ ಅದಕ್ಕೆ ಅವಕಾಶ ಕೊಟ್ಟದ್ದು ಹೇಗೆ ಎಂಬುದು ನಮಗೂ ತಿಳಿದಿರಬೇಕಾದ ಸಂಗತಿ.

ರಂಗಭೂಮಿಯ ಮನೆತನ, ಜನಾಂಗದ್ವೇಷದ ಪತ್ರಿಕೆ

ಅಲ್ಮಿರಾಂತೆ ಹುಟ್ಟಿದ್ದು 1914ರ ಜೂನ್ 27ರಂದು, ಉತ್ತರ ಇಟಲಿಯ ಸಾಲ್ಸೊಮಜ್ಜೊರೆಯಲ್ಲಿ. ಮನೆತನವೆಲ್ಲ ನಟನಟಿಯರದ್ದು. ತಂದೆ ಮಾರಿಯೊ ಮೂಕಿ ಚಿತ್ರಗಳ ನಿರ್ದೇಶಕ. ಮಾತಿನ ಏರಿಳಿತ, ಸಭೆಯನ್ನು ಹಿಡಿದಿಡುವ ಕಲೆ ರಕ್ತದಲ್ಲೇ ಬಂದಿತ್ತು ಎಂದು ಆತನ ವಿರೋಧಿಗಳೂ ಒಪ್ಪುತ್ತಿದ್ದರು. ಎಂಟು ವರ್ಷದ ಬಾಲಕನಾಗಿದ್ದಾಗ ಮುಸೊಲಿನಿ ಅಧಿಕಾರಕ್ಕೆ ಬಂದ. ಶಾಲೆ, ಕಾಲೇಜು, ಮೊದಲ ಕೆಲಸ ಎಲ್ಲವೂ ಫ್ಯಾಸಿಸಂನ ನೆರಳಿನಲ್ಲೇ ನಡೆಯಿತು.

ರೋಮ್‌ನಲ್ಲಿ ಸಾಹಿತ್ಯದ ಪದವಿ ಪಡೆದು ‘ಇಲ್ ತೇವೆರೆ’ ಪತ್ರಿಕೆ ಸೇರಿದ. ಅದರ ಸಂಪಾದಕ ತೆಲೆಸಿಯೊ ಇಂತರ್ಲಾಂದಿ ಕಟ್ಟಾ ಯಹೂದಿ ದ್ವೇಷಿ. 1938ರ ಆಗಸ್ಟಿನಲ್ಲಿ ಇಂತರ್ಲಾಂದಿ ‘ಲಾ ದಿಫೆಸಾ ದೆಲ್ಲಾ ರಾತ್ಸಾ’, ಅಂದರೆ ‘ಜನಾಂಗ ರಕ್ಷಣೆ’ ಎಂಬ ಪಾಕ್ಷಿಕವನ್ನು ಶುರುಮಾಡಿದ. ಅದರ ಮೊದಲ ಸಂಚಿಕೆಯ ಮುಖಪುಟವನ್ನು ಇಂದಿಗೂ ಇತಿಹಾಸದ ಪುಸ್ತಕಗಳಲ್ಲಿ ನೋಡಬಹುದು. ಸಾಲಾಗಿ ಮೂರು ತಲೆಗಳು: ಪ್ರಾಚೀನ ಶಿಲ್ಪದ ಸುಂದರ ಪುರುಷನದು ಒಂದು, ವಿಕಾರವಾಗಿ ತೋರಿಸಿದ ಯಹೂದಿಯದು ಇನ್ನೊಂದು, ಆಫ್ರಿಕದ ಹೆಣ್ಣಿನದು ಮತ್ತೊಂದು. ಶಿಲ್ಪದ ತಲೆಯನ್ನು ಉಳಿದೆರಡರಿಂದ ಬೇರ್ಪಡಿಸುವಂತೆ ನಡುವೆ ಒಂದು ಕತ್ತಿ. ಓದು ಬಾರದವರಿಗೂ ಅದರ ಅರ್ಥ ಆಗುತ್ತಿತ್ತು.

ಸ್ವಲ್ಪದರಲ್ಲೇ ಈ ಪತ್ರಿಕೆಯ ಸಂಪಾದಕೀಯ ಕಾರ್ಯದರ್ಶಿಯಾದವನು 24 ವರ್ಷದ ಅಲ್ಮಿರಾಂತೆ. ಬರೀ ಕಚೇರಿ ಕೆಲಸ ನೋಡಿಕೊಂಡವನಲ್ಲ, ತಾನೂ ಬರೆದ. ಸಂಸ್ಕೃತಿ, ಆತ್ಮ ಎಂದೆಲ್ಲ ಮಾತನಾಡುತ್ತ ಕೂರುವ ಜನಾಂಗವಾದ ಸಾಲದು, ರಕ್ತವೇ ಅಳತೆಗೋಲಾಗಬೇಕು ಎಂದು 1942ರಲ್ಲಿ ವಾದಿಸಿದ. ಅಷ್ಟು ಹೊತ್ತಿಗಾಗಲೇ 1938ರ ಜನಾಂಗ ಕಾನೂನುಗಳು ಯಹೂದಿ ಮಕ್ಕಳನ್ನು ಸರ್ಕಾರಿ ಶಾಲೆಗಳಿಂದ, ಮೇಷ್ಟ್ರುಗಳನ್ನು ಕೆಲಸದಿಂದ ಹೊರಹಾಕಿದ್ದವು. 1943ರ ಅಕ್ಟೋಬರ್ 16ರಂದು ಜರ್ಮನ್ ಪಡೆ ರೋಮ್‌ನ ಯಹೂದಿಗಳನ್ನು ಮನೆಮನೆಗೆ ನುಗ್ಗಿ ಹಿಡಿಯಿತು. ಸಾವಿರಕ್ಕೂ ಹೆಚ್ಚು ಜನರನ್ನು ಆಶ್ವಿಟ್ಜ್‌ಗೆ ಸಾಗಿಸಿದರು. ಬದುಕಿ ಬಂದವರು 16 ಮಂದಿ. ಆ ಬಂಧನಕ್ಕೂ ಅಲ್ಮಿರಾಂತೆಗೂ ನೇರ ಸಂಬಂಧವಿಲ್ಲ. ಆದರೆ ನೆರೆಮನೆಯವರನ್ನು ಪರಕೀಯರೆಂದು ನೋಡಲು ಐದು ವರ್ಷ ಜನರನ್ನು ಪಳಗಿಸಿದವರಲ್ಲಿ ಆತನೂ ಒಬ್ಬ.

ಸಾಲೊ ಸರ್ಕಾರದ ಒಂದು ನೋಟಿಸು

1943ರ ಜುಲೈಯಲ್ಲಿ ಮುಸೊಲಿನಿ ಪದಚ್ಯುತನಾದ. ಸೆಪ್ಟೆಂಬರಿನಲ್ಲಿ ಇಟಲಿ ಮಿತ್ರರಾಷ್ಟ್ರಗಳೊಂದಿಗೆ ಕದನವಿರಾಮ ಮಾಡಿಕೊಂಡಿತು. ಸೆರೆಯಲ್ಲಿದ್ದ ಮುಸೊಲಿನಿಯನ್ನು ಜರ್ಮನರು ಬಿಡಿಸಿ, ಉತ್ತರದ ಗಾರ್ದಾ ಸರೋವರದ ದಂಡೆಯಲ್ಲಿ ಹೊಸ ಸರ್ಕಾರ ಕಟ್ಟಿಸಿದರು. ಅಲ್ಲಿನ ಊರೊಂದರ ಹೆಸರಿನಿಂದ ಅದನ್ನು ಸಾಲೊ ಸರ್ಕಾರ ಎನ್ನುತ್ತಾರೆ. ಇಟಲಿ ಎರಡಾಯಿತು. ಒಂದೆಡೆ ಜರ್ಮನರು ಮತ್ತು ಸಾಲೊ ಪಡೆಗಳು, ಇನ್ನೊಂದೆಡೆ ಬೆಟ್ಟಕಾಡು ಸೇರಿದ ಪ್ರತಿರೋಧ ಹೋರಾಟಗಾರರು.

ಅಲ್ಮಿರಾಂತೆ ಸಾಲೊ ಪಕ್ಷ ಹಿಡಿದ. ಪ್ರಚಾರ ಖಾತೆಯ ಸಚಿವ ಫೆರ್ನಾಂದೊ ಮೆತ್ಸಾಸೊಮಾನ ಕಚೇರಿ ಮುಖ್ಯಸ್ಥನಾದ. 1944ರ ಮೇ ತಿಂಗಳಲ್ಲಿ ತೊಸ್ಕಾನಾ ಪ್ರಾಂತ್ಯದ ಗ್ರೊಸೆಟೊ ಜಿಲ್ಲೆಯಲ್ಲಿ ಒಂದು ನೋಟಿಸು ಅಂಟಿಸಲಾಯಿತು. ಸೇನೆ ಬಿಟ್ಟು ಓಡಿದವರು, ಹೋರಾಟಗಾರರ ಗುಂಪು ಸೇರಿದವರು ಮೇ 25ರ ನಡುರಾತ್ರಿಯೊಳಗೆ ಇಟಲಿಯ ಅಥವಾ ಜರ್ಮನಿಯ ಠಾಣೆಗೆ ಬಂದು ಶರಣಾಗಬೇಕು, ಬಾರದವರನ್ನು ಬೆನ್ನಿಗೆ ಗುಂಡಿಟ್ಟು ಕೊಲ್ಲಲಾಗುವುದು ಎಂಬುದು ಅದರ ಸಾರ. ಆದೇಶ ಮುಸೊಲಿನಿಯದು. ಸಚಿವರ ಪರವಾಗಿ ಕೆಳಗಿದ್ದ ಹೆಸರು ಜಾರ್ಜೊ ಅಲ್ಮಿರಾಂತೆ.

1945ರ ಏಪ್ರಿಲಿನಲ್ಲಿ ಎಲ್ಲವೂ ಕುಸಿಯಿತು. ಮೆತ್ಸಾಸೊಮಾನನ್ನು ಹೋರಾಟಗಾರರು ಗುಂಡಿಟ್ಟು ಕೊಂದರು. ಅಲ್ಮಿರಾಂತೆ ವೇಷ, ಹೆಸರು ಬದಲಿಸಿಕೊಂಡು ಒಂದು ವರ್ಷಕ್ಕೂ ಮೀರಿ ತಲೆಮರೆಸಿಕೊಂಡ. ಆ ದಿನಗಳಲ್ಲಿ ಆಸರೆ ಕೊಟ್ಟವನು ಎಮಾನುವೆಲೆ ಲೇವಿ ಎಂಬ ಯಹೂದಿ ಗೆಳೆಯ ಎಂದು ಆತನೇ ಹೇಳಿಕೊಂಡಿದ್ದಾನೆ. ಯುದ್ಧಕಾಲದಲ್ಲಿ ಲೇವಿ ಕುಟುಂಬಕ್ಕೆ ಅಲ್ಮಿರಾಂತೆ ಸಹಾಯ ಮಾಡಿದ್ದ, ಆ ಋಣವನ್ನು ಲೇವಿ ತೀರಿಸಿದ. ಆತನ ಅಭಿಮಾನಿಗಳು ಈ ಕಥೆಯನ್ನು ಇಂದಿಗೂ ಮುಂದಿಡುತ್ತಾರೆ. ನಾನು ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಪರಿಚಯದ ಒಬ್ಬ ಯಹೂದಿಯನ್ನು ಉಳಿಸಿದವನು, ಪರಿಚಯವಿಲ್ಲದ ಸಾವಿರಾರು ಯಹೂದಿಗಳ ವಿರುದ್ಧ ಬರೆದದ್ದೂ ನಿಜ.

ನಿಷೇಧವಿದ್ದೂ ಹುಟ್ಟಿದ ಪಕ್ಷ

1946ರ ಜೂನ್ 2ರಂದು ಇಟಲಿಯ ಜನ ರಾಜಪ್ರಭುತ್ವವನ್ನು ತಿರಸ್ಕರಿಸಿ ಗಣರಾಜ್ಯ ಬೇಕೆಂದು ಮತ ಹಾಕಿದರು. ಅದೇ ತಿಂಗಳು ನ್ಯಾಯ ಸಚಿವನಾಗಿದ್ದ ಕಮ್ಯುನಿಸ್ಟ್ ನಾಯಕ ಪಾಲ್ಮಿರೊ ತೊಲ್ಯಾತ್ತಿ ಸಾರ್ವತ್ರಿಕ ಕ್ಷಮಾದಾನ ಘೋಷಿಸಿದ. ದೇಶ ಮುಂದೆ ಸಾಗಬೇಕು, ಸೇಡಿನ ಸರಪಳಿ ಕಡಿಯಬೇಕು ಎಂಬುದು ಉದ್ದೇಶ. ಸಾವಿರಾರು ಫ್ಯಾಸಿಸ್ಟರು ಜೈಲಿನಿಂದ ಹೊರಬಂದರು, ತಲೆಮರೆಸಿಕೊಂಡವರು ಊರಿಗೆ ಮರಳಿದರು.

ಡಿಸೆಂಬರ್ 26ರಂದು ರೋಮ್‌ನಲ್ಲಿ, ಆರ್ತುರೊ ಮಿಕೆಲಿನಿ ಎಂಬಾತನ ತಂದೆಯ ಕಚೇರಿಯಲ್ಲಿ ಕೆಲವರು ಸೇರಿ ‘ಮೊವಿಮೆಂಟೊ ಸೊಚಾಲೆ ಇಟಾಲಿಯಾನೊ’ ಎಂಬ ಪಕ್ಷ ಕಟ್ಟಿದರು. ಚಿಕ್ಕದಾಗಿ ಎಂಎಸ್‌ಐ. ಗುರುತು ತ್ರಿವರ್ಣದ ಜ್ವಾಲೆ. ಅಡಿಯಲ್ಲಿರುವ ಪೀಠ ಮುಸೊಲಿನಿಯ ಶವಪೆಟ್ಟಿಗೆ ಎಂದು ಹಲವರು ಅರ್ಥ ಹೇಳುತ್ತಾರೆ. 1947ರ ಜೂನ್‌ನಿಂದ 1950ರ ಜನವರಿವರೆಗೆ ಪಕ್ಷದ ಕಾರ್ಯದರ್ಶಿ ಅಲ್ಮಿರಾಂತೆ. ಇಟಲಿಯ ಪಕ್ಷಗಳಲ್ಲಿ ಕಾರ್ಯದರ್ಶಿಯೇ ಮುಖ್ಯ ನಾಯಕ.

ಇಲ್ಲಿ ಓದುಗರಿಗೆ ಸಹಜವಾಗಿ ಒಂದು ಪ್ರಶ್ನೆ ಏಳುತ್ತದೆ. ಇಟಲಿಯ ಸಂವಿಧಾನವೇ ಫ್ಯಾಸಿಸ್ಟ್ ಪಕ್ಷವನ್ನು ಯಾವ ರೂಪದಲ್ಲೂ ಮತ್ತೆ ಕಟ್ಟಕೂಡದು ಎನ್ನುತ್ತದೆ. 1952ರಲ್ಲಿ ಅದಕ್ಕೆಂದೇ ಶೆಲ್ಬಾ ಕಾಯ್ದೆಯೂ ಬಂತು. ಹಾಗಿದ್ದೂ ಎಂಎಸ್‌ಐ ಉಳಿದದ್ದು ಹೇಗೆ?

ಮೊದಲ ಕಾರಣ ಶೀತಲ ಸಮರ. ಅಧಿಕಾರದಲ್ಲಿದ್ದ ಕ್ರಿಶ್ಚಿಯನ್ ಡೆಮಾಕ್ರಟಿಕ್ ಪಕ್ಷಕ್ಕೂ ಅದರ ಬೆನ್ನಿಗಿದ್ದ ಅಮೆರಿಕಕ್ಕೂ ದೊಡ್ಡ ಭಯವಿದ್ದದ್ದು ಪಶ್ಚಿಮ ಯುರೋಪಿನಲ್ಲೇ ಅತಿ ಬಲಿಷ್ಠವಾಗಿದ್ದ ಇಟಲಿಯ ಕಮ್ಯುನಿಸ್ಟ್ ಪಕ್ಷದ ಬಗ್ಗೆ. ಕಮ್ಯುನಿಸ್ಟರನ್ನು ವಿರೋಧಿಸುವ ಸಣ್ಣ ಪಕ್ಷವೊಂದನ್ನು ಮುಚ್ಚಿಸುವ ಅವಸರ ಅವರಿಗಿರಲಿಲ್ಲ. ಎರಡನೆಯದು ಚುನಾವಣಾ ಪದ್ಧತಿ. ನಮ್ಮಲ್ಲಿರುವಂತೆ ಒಂದು ಕ್ಷೇತ್ರಕ್ಕೆ ಒಬ್ಬನೇ ಗೆಲ್ಲುವ ಪದ್ಧತಿ ಅಲ್ಲಿರಲಿಲ್ಲ. ಶೇಕಡಾವಾರು ಮತಕ್ಕೆ ತಕ್ಕಂತೆ ಸೀಟು ಸಿಗುತ್ತಿತ್ತು. 1948ರಲ್ಲಿ ಎಂಎಸ್‌ಐಗೆ ಬಂದ ಮತ ಸುಮಾರು ಶೇ 2, ಸಿಕ್ಕ ಸೀಟು 6. ನಮ್ಮ ಪದ್ಧತಿಯಲ್ಲಾದರೆ ಅಷ್ಟು ಚದುರಿದ ಮತಕ್ಕೆ ಒಂದು ಸೀಟು ದಕ್ಕುವುದೂ ಕಷ್ಟವಿತ್ತು. ಆ ಆರು ಜನರಲ್ಲಿ ಅಲ್ಮಿರಾಂತೆ ಒಬ್ಬ. ಅಲ್ಲಿಂದ ಸಾಯುವವರೆಗೂ ಆತ ಕೆಳಮನೆಯ ಸದಸ್ಯ.

ಹಳೆಯದನ್ನು ನಿರಾಕರಿಸುವುದೂ ಇಲ್ಲ, ಹಳೆಯ ಆಳ್ವಿಕೆಯನ್ನು ಮರಳಿ ತರುವುದೂ ಇಲ್ಲ ಎಂಬುದು ಪಕ್ಷದ ಘೋಷವಾಯಿತು. ಎರಡನೆಯ ಮಾತು ಕಾನೂನಿಗೆ, ಮೊದಲನೆಯದು ಅಭಿಮಾನಿಗಳಿಗೆ. ಈ ಇಬ್ಬಂದಿಯೇ ಪಕ್ಷದ ಜೀವಾಳವಾಗಿ ಉಳಿಯಿತು.

ಜಿನೋವಾ ಕೊಟ್ಟ ಪೆಟ್ಟು

1950ರಿಂದ ಸುಮಾರು ಇಪ್ಪತ್ತು ವರ್ಷ ಪಕ್ಷ ಬೇರೆಯವರ ಕೈಯಲ್ಲಿತ್ತು. ಅದರಲ್ಲಿ ಹೆಚ್ಚು ಕಾಲ ನಡೆಸಿದವನು ಮಿಕೆಲಿನಿ. ಅಧಿಕಾರಸ್ಥರ ಜೊತೆ ಹೊಂದಿಕೊಂಡು ಮೆಲ್ಲಗೆ ಒಳಸೇರುವುದು ಅವನ ದಾರಿ. 1960ರಲ್ಲಿ ಅದು ಕೈಗೂಡುವಂತೆಯೂ ಕಂಡಿತು. ಫೆರ್ನಾಂದೊ ತಂಬ್ರೋನಿಯ ಅಲ್ಪಮತದ ಸರ್ಕಾರ ಎಂಎಸ್‌ಐ ಮತಗಳ ಆಸರೆಯಲ್ಲಿ ನಿಂತಿತು.

ಆ ಬಲದಿಂದ ಪಕ್ಷ ತನ್ನ ಮಹಾಧಿವೇಶನವನ್ನು ಜಿನೋವಾದಲ್ಲಿ ನಡೆಸಲು ಹೊರಟಿತು. ಜಿನೋವಾ ಜರ್ಮನ್ ಪಡೆಯನ್ನು ತಾನೇ ಶರಣಾಗಿಸಿದ ಊರು. ಬಂದರಿನ ಕಾರ್ಮಿಕರು, ಹಳೆಯ ಹೋರಾಟಗಾರರು, ವಿದ್ಯಾರ್ಥಿಗಳು ಬೀದಿಗಿಳಿದರು. ಅಧಿವೇಶನ ರದ್ದಾಯಿತು, ಪ್ರತಿಭಟನೆ ಬೇರೆ ಊರುಗಳಿಗೆ ಹಬ್ಬಿತು. ಜುಲೈ 7ರಂದು ರೆಜ್ಜೊ ಎಮಿಲಿಯಾದಲ್ಲಿ ಪೊಲೀಸರ ಗುಂಡಿಗೆ ಐವರು ಸತ್ತರು. ಕೆಲವೇ ದಿನಗಳಲ್ಲಿ ತಂಬ್ರೋನಿ ರಾಜೀನಾಮೆ ಕೊಟ್ಟ. ಮುಂದೆ ದಶಕಗಳ ಕಾಲ ಯಾವ ಸರ್ಕಾರವೂ ಎಂಎಸ್‌ಐ ಜೊತೆ ಬಹಿರಂಗವಾಗಿ ಕೈಜೋಡಿಸಲಿಲ್ಲ. ಗಣರಾಜ್ಯಕ್ಕೆ ಸಂವಿಧಾನ ಬರೆದುಕೊಟ್ಟ ಪಕ್ಷಗಳು ಒಳಗೆ, ಎಂಎಸ್‌ಐ ಹೊರಗೆ ಎಂಬುದು ಅಲಿಖಿತ ನಿಯಮವಾಯಿತು.

ಕೋಟು ಮತ್ತು ದೊಣ್ಣೆ

1969ರಲ್ಲಿ ಮಿಕೆಲಿನಿ ತೀರಿಕೊಂಡ. ಅಲ್ಮಿರಾಂತೆ ಮತ್ತೆ ಕಾರ್ಯದರ್ಶಿಯಾದ. ವಿಶ್ವವಿದ್ಯಾಲಯಗಳಲ್ಲಿ, ಕಾರ್ಖಾನೆಗಳಲ್ಲಿ ಎಡಪಂಥದ ಚಳವಳಿ ಭುಗಿಲೆದ್ದಿದ್ದ ಕಾಲ ಅದು. ಮಧ್ಯಮ ವರ್ಗ ಹೆದರಿತ್ತು. ಆ ಹೆದರಿಕೆಯನ್ನು ಮತವಾಗಿಸುವುದು ಹೇಗೆಂದು ಆತ ಬಲ್ಲವನಾಗಿದ್ದ.

ಎರಡು ಕೆಲಸ ಒಟ್ಟಿಗೆ ಮಾಡಿದ. ಒಂದು ಕಡೆ ಪಕ್ಷಕ್ಕೆ ಗೌರವಸ್ಥ ರೂಪ ಕೊಟ್ಟ. ಟಿವಿಯಲ್ಲಿ ಮೃದುವಾಗಿ ಮಾತನಾಡಿದ. ರಾಜಪ್ರಭುತ್ವವಾದಿಗಳನ್ನು ಸೇರಿಸಿಕೊಂಡು ‘ರಾಷ್ಟ್ರೀಯ ಬಲಪಕ್ಷ’ ಎಂಬ ಹೆಸರನ್ನು ಜೋಡಿಸಿಕೊಂಡ. ನೌಕಾಪಡೆಯ ಅಡ್ಮಿರಲ್ ಜಿನೊ ಬಿರಿಂದೆಲ್ಲಿಯಂಥವರು ಪಕ್ಷದ ಟಿಕೆಟ್ಟಿನಲ್ಲಿ ನಿಂತರು. ಇನ್ನೊಂದು ಕಡೆ, ಪಕ್ಷ ಮೆತ್ತಗಾಯಿತೆಂದು ಸಿಡಿದು ಹೋಗಿ ‘ಓರ್ದಿನೆ ನುವೊವೊ’ ಎಂಬ ಉಗ್ರ ಸಂಘಟನೆ ಕಟ್ಟಿದ್ದ ಪೀನೊ ರೌತಿಯನ್ನು 1969ರ ನವೆಂಬರಿನಲ್ಲಿ ವಾಪಸು ಕರೆಸಿಕೊಂಡ. ಒಂದು ಕೈಯಲ್ಲಿ ಕೋಟು, ಇನ್ನೊಂದರಲ್ಲಿ ದೊಣ್ಣೆ ಎಂದು ಎದುರಾಳಿಗಳು ಈ ರಾಜಕಾರಣವನ್ನು ಕರೆದರು. ನನಗೆ ಅದಕ್ಕಿಂತ ಸರಿಯಾದ ವಿವರಣೆ ಕಂಡಿಲ್ಲ.

ಫಲ ಬೇಗ ಸಿಕ್ಕಿತು. 1970ರಲ್ಲಿ ಪ್ರಾಂತ್ಯದ ರಾಜಧಾನಿ ಕೈತಪ್ಪಿತೆಂದು ರೆಜ್ಜೊ ಕಲಾಬ್ರಿಯಾದ ಬಡ ಜನ ತಿಂಗಳುಗಟ್ಟಲೆ ದಂಗೆಯೆದ್ದಾಗ, ಮುಂದಾಳತ್ವ ವಹಿಸಿದವನು ಎಂಎಸ್‌ಐ ಕಾರ್ಮಿಕ ಸಂಘದ ಚಿಚ್ಚೊ ಫ್ರಾಂಕೊ. ಎಡಪಕ್ಷಗಳು ಆ ಜನರ ಸಿಟ್ಟನ್ನು ಅರ್ಥಮಾಡಿಕೊಳ್ಳಲು ತಡಮಾಡಿದವು. 1971ರ ಸಿಸಿಲಿ ಪ್ರಾಂತೀಯ ಚುನಾವಣೆಯಲ್ಲಿ ಎಂಎಸ್‌ಐ ಶೇ 16 ದಾಟಿತು. 1972ರ ಸಂಸತ್ ಚುನಾವಣೆಯಲ್ಲಿ ಶೇ 8.7 ಮತ, ಕೆಳಮನೆಯಲ್ಲಿ 56 ಸೀಟು. ಅಲ್ಮಿರಾಂತೆಯ ಕಾಲದಲ್ಲಿ ಪಕ್ಷ ಏರಿದ ಎತ್ತರ ಇಷ್ಟೇ.

ಸಿಸಿಲಿಯ ಗೆಲುವಿನ ಬೆನ್ನಲ್ಲೇ, 1971ರ ಜೂನ್ 27ರಂದು, ಕಮ್ಯುನಿಸ್ಟ್ ಪಕ್ಷದ ಪತ್ರಿಕೆ ‘ಲುನಿತಾ’ ಗ್ರೊಸೆಟೊದ ಆ ಹಳೆಯ ನೋಟಿಸನ್ನು ಪ್ರಕಟಿಸಿತು. ಅಂದು ಅಲ್ಮಿರಾಂತೆಯ 57ನೆಯ ಹುಟ್ಟುಹಬ್ಬ. ನೋಟಿಸು ಸುಳ್ಳು ಎಂದು ಆತ ಮೊಕದ್ದಮೆ ಹೂಡಿದ. ವರ್ಷಗಟ್ಟಲೆ ನಡೆದ ವಿಚಾರಣೆಯಲ್ಲಿ ಗೆದ್ದದ್ದು ಪತ್ರಿಕೆ. 1973ರಲ್ಲಿ ಆತ ತನ್ನ ಆತ್ಮಕಥೆಗೆ ‘ಗುಂಡಿಟ್ಟು ಕೊಲ್ಲುವವನ ಆತ್ಮಕಥೆ’ ಎಂಬ ಅರ್ಥದ ಹೆಸರನ್ನೇ ಇಟ್ಟ. ಆರೋಪವನ್ನು ಎದುರಿಸಿ ಉತ್ತರಿಸುವ ಬದಲು ಎದೆಯ ಮೇಲೆ ಪದಕದಂತೆ ತೊಟ್ಟುಕೊಂಡ. ಆ ನೋಟಿಸು ಓದಿ ಕಾಡಿನಲ್ಲಿ ಅಡಗಿದ್ದ ಹುಡುಗರ ಮನೆಯವರು ಆಗಿನ್ನೂ ಬದುಕಿದ್ದರು ಎಂಬುದು ನೆನಪಾದಾಗ ಆ ಶೀರ್ಷಿಕೆಯ ಕ್ರೌರ್ಯ ತಿಳಿಯುತ್ತದೆ.

ಬಾಂಬುಗಳ ದಶಕ

1969ರ ಡಿಸೆಂಬರ್ 12ರಂದು ಮಿಲಾನಿನ ಪಿಯಾತ್ಸಾ ಫೊಂತಾನಾದ ಬ್ಯಾಂಕಿನಲ್ಲಿ ಬಾಂಬ್ ಸಿಡಿದು 17 ಜನ ಸತ್ತರು. 1974ರಲ್ಲಿ ಬ್ರೆಷಾದ ಚೌಕದಲ್ಲಿ 8, ಅದೇ ವರ್ಷ ಇತಾಲಿಕುಸ್ ರೈಲಿನಲ್ಲಿ 12, 1980ರಲ್ಲಿ ಬೊಲೊನ್ಯಾ ರೈಲು ನಿಲ್ದಾಣದಲ್ಲಿ 85. ಎಡಪಂಥದ ಸಶಸ್ತ್ರ ಗುಂಪುಗಳೂ ಅದೇ ಕಾಲದಲ್ಲಿ ಕೊಲ್ಲುತ್ತಿದ್ದವು. ಎಂಎಸ್‌ಐನವರೂ ಬಲಿಯಾದರು. 1973ರ ಏಪ್ರಿಲಿನಲ್ಲಿ ರೋಮ್‌ನ ಪ್ರಿಮಾವಲ್ಲೆಯಲ್ಲಿ ಪಕ್ಷದ ಸ್ಥಳೀಯ ಕಾರ್ಯಕರ್ತನ ಮನೆಗೆ ಬೆಂಕಿ ಹಚ್ಚಿದಾಗ ಅವನ ಇಬ್ಬರು ಪುತ್ರರು ಸುಟ್ಟುಹೋದರು. ಆ ಸಾವುಗಳನ್ನು ಎಡಪಂಥೀಯರಲ್ಲಿ ಹಲವರು ಆಗ ಒಪ್ಪಿಕೊಳ್ಳದೆ ಕಟ್ಟುಕಥೆ ಹೇಳಿದರು. ಅದೂ ಅನ್ಯಾಯವೇ.

ಮೇಲೆ ಹೇಳಿದ ಬಾಂಬ್ ದಾಳಿಗಳಿಗೆ ಎಂಎಸ್‌ಐ ಆದೇಶ ಕೊಟ್ಟಿತೆಂದು ಯಾವ ನ್ಯಾಯಾಲಯವೂ ಹೇಳಿಲ್ಲ. ಆದರೆ ಬಾಂಬ್ ಇಟ್ಟವರಲ್ಲಿ ಹಲವರು ಪಕ್ಷದ ಅಂಗಳದಲ್ಲಿ ಬೆಳೆದವರು. ಒಂದು ಪ್ರಕರಣ ಅಲ್ಮಿರಾಂತೆಯ ಮನೆಬಾಗಿಲಿಗೇ ಬಂತು. 1972ರ ಮೇ 31ರಂದು ಈಶಾನ್ಯದ ಪೆತೆಯಾನೊದಲ್ಲಿ ಫಿಯೆಟ್ 500 ಕಾರೊಂದನ್ನು ಪರಿಶೀಲಿಸಲು ಹೋದ ಮೂವರು ಪೊಲೀಸರು ಅದರಲ್ಲಿಟ್ಟ ಬಾಂಬಿಗೆ ಬಲಿಯಾದರು. ಅವರನ್ನು ಅಲ್ಲಿಗೆ ಬರುವಂತೆ ಫೋನ್ ಮಾಡಿದವನು ಕಾರ್ಲೊ ಚಿಕುತ್ತೀನಿ, ಆ ಕಡೆಯ ಎಂಎಸ್‌ಐ ಶಾಖೆಯ ಕಾರ್ಯದರ್ಶಿ. ಅವನು ಸ್ಪೇನಿಗೆ ಪರಾರಿಯಾದ. ಧ್ವನಿಯ ಗುರುತು ಸಿಗದಂತೆ ಗಂಟಲ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಲು ಹಣ ಕಳಿಸಿದ ಆರೋಪ ಅಲ್ಮಿರಾಂತೆಯ ಮೇಲೆ ಬಂತು. ಕೊನೆಗೆ ಆತ ಕ್ಷಮಾದಾನದ ಲಾಭ ಪಡೆದ, ಆರೋಪ ಅಲ್ಲಿಗೇ ನಿಂತಿತು. ಕಾನೂನು ಸುವ್ಯವಸ್ಥೆ ಬೇಕು, ಭಯೋತ್ಪಾದಕರಿಗೆ ಮರಣದಂಡನೆ ಬೇಕು ಎಂದು ಊರೂರಲ್ಲಿ ಭಾಷಣ ಮಾಡಿದ ನಾಯಕ, ಮೂವರು ಪೊಲೀಸರ ಸಾವಿನ ಪ್ರಕರಣದಲ್ಲಿ ಉತ್ತರ ಕೊಡಲಿಲ್ಲ.

ಫ್ಯಾಸಿಸ್ಟ್ ಪಕ್ಷವನ್ನು ಮರುಸ್ಥಾಪಿಸಿದ ಆರೋಪದ ತನಿಖೆಗೆ 1973ರಲ್ಲಿ ಕೆಳಮನೆ ಅನುಮತಿ ಕೊಟ್ಟಿತು. ತೀರ್ಪು ಬರಲೇ ಇಲ್ಲ. ಮತದಾರರು ಮಾತ್ರ ಹಿಂದೆ ಸರಿದರು. 1976ರಲ್ಲಿ ಪಕ್ಷ ಶೇ 6ರ ಆಸುಪಾಸಿಗೆ ಇಳಿಯಿತು. ಅದೇ ವರ್ಷದ ಕೊನೆಗೆ ಸಂಸದರಲ್ಲಿ ಅರ್ಧದಷ್ಟು ಮಂದಿ ಸೌಮ್ಯ ಬಲಪಂಥದ ಬೇರೆ ಪಕ್ಷ ಕಟ್ಟಿದರು. 1979ರ ಚುನಾವಣೆಯಲ್ಲಿ ಆ ಹೊಸ ಪಕ್ಷಕ್ಕೆ ಒಂದು ಸೀಟೂ ಬರಲಿಲ್ಲ. ಮುಸೊಲಿನಿಯ ನೆನಪನ್ನು ಬಿಟ್ಟರೆ ತನ್ನ ಮತಗಳೂ ಹೋಗುತ್ತವೆ ಎಂಬ ಅಲ್ಮಿರಾಂತೆಯ ಲೆಕ್ಕಾಚಾರ ಇದರಿಂದ ಇನ್ನಷ್ಟು ಗಟ್ಟಿಯಾಯಿತು.

ಬೊತ್ತೆಗೆ ಓಸ್ಕುರೆಯ ಸರತಿ ಸಾಲು

1984ರ ಜೂನ್‌ನಲ್ಲಿ ಕಮ್ಯುನಿಸ್ಟ್ ನಾಯಕ ಎನ್ರಿಕೊ ಬೆರ್ಲಿಂಗ್ವೆರ್ ಪಾದುವಾದಲ್ಲಿ ಭಾಷಣ ಮಾಡುತ್ತಿರುವಾಗಲೇ ಕುಸಿದು, ಕೆಲವು ದಿನಗಳಲ್ಲಿ ತೀರಿಕೊಂಡ. ರೋಮ್‌ನ ಬೊತ್ತೆಗೆ ಓಸ್ಕುರೆ ಬೀದಿಯ ಪಕ್ಷದ ಕಚೇರಿಯಲ್ಲಿ ಅಂತಿಮ ದರ್ಶನ. ಮೈಲಿಗಟ್ಟಲೆ ಸಾಲು. ಆ ಜನರ ನಡುವೆ, ಕಾವಲಿನ ಪಡೆ ಇಲ್ಲದೆ, ಅಲ್ಮಿರಾಂತೆ ಬಂದ. ಬರಮಾಡಿಕೊಂಡವನು ಜಾನ್‌ಕಾರ್ಲೊ ಪಯೆಟ್ಟಾ, ಫ್ಯಾಸಿಸ್ಟ್ ಜೈಲಿನಲ್ಲಿ ಹತ್ತು ವರ್ಷ ಕಳೆದ ಹಿರಿಯ. ಸಾಲಿನಲ್ಲಿದ್ದ ಯಾರೂ ಕೂಗಾಡಲಿಲ್ಲ. ನಾಲ್ಕು ವರ್ಷದ ಬಳಿಕ, 1988ರ ಮೇ 22ರಂದು ಅಲ್ಮಿರಾಂತೆ ಸತ್ತಾಗ ಪಯೆಟ್ಟಾ ಮತ್ತು ಕೆಳಮನೆಯ ಅಧ್ಯಕ್ಷೆ ನಿಲ್ದೆ ಯೊತ್ತಿ ಎಂಎಸ್‌ಐ ಕಚೇರಿಗೆ ಹೋಗಿ ಗೌರವ ಸಲ್ಲಿಸಿದರು. ಯೊತ್ತಿ ಕೂಡ ಪ್ರತಿರೋಧ ಹೋರಾಟದಲ್ಲಿದ್ದವಳು.

ಇಟಲಿಯಲ್ಲಿ ಅಲ್ಮಿರಾಂತೆಯ ಬಗ್ಗೆ ಮಾತು ಬಂದಾಗಲೆಲ್ಲ ಈ ಪ್ರಸಂಗವೇ ಮೊದಲು ಬರುತ್ತದೆ. ಆತ ಬಂದದ್ದು ದೊಡ್ಡತನವೇ. ಆದರೆ ಹೆಚ್ಚು ದೊಡ್ಡತನ ಪಯೆಟ್ಟಾನದು ಎಂದು ನನ್ನ ಭಾವನೆ. ಯೌವನವನ್ನು ಜೈಲಿನಲ್ಲಿ ಕಳೆದವನು, ಆ ಜೈಲನ್ನು ಕಟ್ಟಿದ ಆಳ್ವಿಕೆಯನ್ನು ಕೊನೆಯವರೆಗೂ ತಪ್ಪೆನ್ನದವನ ಕೈ ಕುಲುಕಿದ. ಜನಾಂಗವಾದವನ್ನು ತಾನು ಬಿಟ್ಟೆ ಎಂದು ಅಲ್ಮಿರಾಂತೆ ನಂತರದ ವರ್ಷಗಳಲ್ಲಿ ಹೇಳಿದ್ದುಂಟು, ಫ್ಯಾಸಿಸಂ ತಪ್ಪು ಎಂದು ಹೇಳಲಿಲ್ಲ.

ಆರಿಸಿಕೊಂಡ ಉತ್ತರಾಧಿಕಾರಿ

1977ರಲ್ಲಿ ಪಕ್ಷದ ಯುವ ಘಟಕದ ಮುಖ್ಯಸ್ಥನ ಸ್ಥಾನಕ್ಕೆ ಹೆಚ್ಚು ಮತ ಪಡೆದವನನ್ನು ಬಿಟ್ಟು, ಜಾನ್‌ಫ್ರಾಂಕೊ ಫೀನಿ ಎಂಬ ಯುವಕನನ್ನು ಅಲ್ಮಿರಾಂತೆ ನೇಮಿಸಿದ್ದ. 1987ರಲ್ಲಿ ಅವನ ಕೈಗೇ ಪಕ್ಷವನ್ನು ಕೊಟ್ಟ. ಹಳೆಯ ಪಕ್ಷಗಳೆಲ್ಲ ಭ್ರಷ್ಟಾಚಾರ ಹಗರಣಗಳಲ್ಲಿ ಮುಳುಗಿ, 1994ರಲ್ಲಿ ಬೆರ್ಲುಸ್ಕೋನಿ ಗೆದ್ದಾಗ ಫೀನಿಯ ಪಕ್ಷ ಮೊದಲ ಬಾರಿಗೆ ಸಚಿವ ಸ್ಥಾನ ಪಡೆಯಿತು. ಮರುವರ್ಷ ಫ್ಯೂಜ್ಜಿ ಅಧಿವೇಶನದಲ್ಲಿ ಎಂಎಸ್‌ಐ ವಿಸರ್ಜನೆಯಾಗಿ ‘ಅಲೆಯಾನ್ಸಾ ನಾತ್ಸಿಯೊನಾಲೆ’ ಆಯಿತು. 2003ರಲ್ಲಿ ಜೆರುಸಲೇಮಿನ ಯಹೂದಿ ನರಮೇಧದ ಸ್ಮಾರಕ ಯಾದ್ ವಾಶೆಮ್‌ಗೆ ಹೋದ ಫೀನಿ, ಜನಾಂಗ ಕಾನೂನುಗಳನ್ನು ಖಂಡಿಸಿದರು. ಪಕ್ಷದೊಳಗೆ ಅನೇಕರು ಅವರನ್ನು ದ್ರೋಹಿ ಎಂದರು.

1992ರಲ್ಲಿ 15ನೆಯ ವಯಸ್ಸಿಗೆ ಅದೇ ಯುವ ಘಟಕ ಸೇರಿದ ಮೆಲೋನಿ, 2012ರಲ್ಲಿ ಸಂಗಾತಿಗಳೊಡನೆ ‘ಫ್ರಾತೆಲ್ಲಿ ದಿತಾಲಿಯಾ’ ಕಟ್ಟಿದರು. ಜ್ವಾಲೆಯ ಗುರುತು ಮರಳಿ ಬಂತು. ಫ್ರಾನ್ಸಿನ ಲೆ ಪೆನ್ ಪಕ್ಷ 1972ರಲ್ಲಿ ಹುಟ್ಟಿದಾಗ ತನ್ನ ಗುರುತನ್ನು ತೆಗೆದುಕೊಂಡದ್ದೂ ಇದೇ ಜ್ವಾಲೆಯಿಂದ. ಜನಾಂಗ ಕಾನೂನುಗಳನ್ನು ಮೆಲೋನಿ ಖಂಡಿಸಿದ್ದಾರೆ. ಅಲ್ಮಿರಾಂತೆಯನ್ನು ದೇಶಭಕ್ತ ಎಂದು ನೆನೆದಿದ್ದಾರೆ ಕೂಡ.

ಈಗ ಜಗಳ ರಸ್ತೆಗಳ ಹೆಸರಿಗೆ ಬಂದಿದೆ. 2018ರಲ್ಲಿ ರೋಮ್ ನಗರಸಭೆ ಒಂದು ರಸ್ತೆಗೆ ಅಲ್ಮಿರಾಂತೆಯ ಹೆಸರಿಡುವ ನಿರ್ಣಯ ಅಂಗೀಕರಿಸಿತು, ಮೇಯರ್ ವಿರ್ಜಿನಿಯಾ ರಾಜ್ಜಿ ತಡೆದರು. ಗ್ರೊಸೆಟೊ ನಗರಾಡಳಿತವೂ ರಾಷ್ಟ್ರೀಯ ಸಮಾಧಾನದ ಹೆಸರಿನಲ್ಲಿ ಅಂಥದ್ದೇ ಯೋಜನೆ ಹಿಡಿಯಿತು, ಪ್ರತಿರೋಧ ಹೋರಾಟಗಾರರ ಸಂಘ ವಿರೋಧಿಸಿತು. ನಾನು ಆ ವಿರೋಧದ ಪರ. ಅದೇ ಗ್ರೊಸೆಟೊ ಜಿಲ್ಲೆಯ ಮಯಾನೊ ಲವಕ್ಕಿಯೊದಲ್ಲಿ 1944ರ ಮಾರ್ಚ್ 22ರಂದು, ಸೇನೆಗೆ ಸೇರಲು ಒಪ್ಪದೆ ಅಡಗಿದ್ದ 11 ಯುವಕರನ್ನು ಸಾಲೊ ಸರ್ಕಾರದ ಪಡೆ ಗುಂಡಿಟ್ಟು ಕೊಂದಿತ್ತು. ಎರಡು ತಿಂಗಳ ಬಳಿಕ ಅಲ್ಮಿರಾಂತೆಯ ಹೆಸರಿದ್ದ ನೋಟಿಸು ಗೋಡೆಗೆ ಬಿದ್ದಾಗ, ಅದು ಬರೀ ಬೆದರಿಕೆಯಲ್ಲ ಎಂದು ಅಲ್ಲಿನ ಪ್ರತಿ ಮನೆಗೂ ಗೊತ್ತಿತ್ತು. ಸಮಾಧಾನ ಬೇಕೆನ್ನುವವರಿಗೆ ಆ ಊರಿನ ರಸ್ತೆಗೆ ಇಡಲು ಬೇರೆ 11 ಹೆಸರುಗಳಿವೆ.